ಹೊರಗಿದ್ದವಳು

ವರದಮ್ಮನ ಹಸಿರು ಚೌಕುಳಿ ಸೀರೆಯನ್ನು ಆ ಮನೆಯಲ್ಲಿ ಇಬ್ಬರು ಉಡುತ್ತಿದ್ದರು. ಒಬ್ಬಳು ವರದಮ್ಮ. ಇನ್ನೊಬ್ಬ ಅವಳ ಗಂಡ ಜಟ್ಟಪ್ಪ.

ಅದು ಕೊಟ್ಟಿಗೆಯ ಸೀರೆ. ಹಾಲು ಕರೆಯುವಾಗ ಮೈಮೇಲೆ ಸುತ್ತಿಕೊಳ್ಳಲೆಂದೇ ಕಂಬದ ಗೂಟಕ್ಕೆ ನೇತುಬಿಟ್ಟದ್ದು. ಸಗಣಿ, ಹಾಲು, ಹಿಂಡಿ, ಬೆವರು ಎಲ್ಲವೂ ಸೇರಿದ ಒಂದು ವಾಸನೆ ಅದಕ್ಕಿತ್ತು. ಮನೆಯ ಎಮ್ಮೆ ಡೊಂಕಿ ವರದಮ್ಮನಿಗಲ್ಲದೆ ಬೇರೆ ಯಾರಿಗೂ ಸೊರೆ ಬಿಡುತ್ತಿರಲಿಲ್ಲ. ಬೇರೆ ಕೈ ತಾಗಿದರೆ ಕೆಚ್ಚಲಿಗಿಳಿದ ಹಾಲನ್ನೂ ಮೇಲಕ್ಕೆಳೆದುಕೊಂಡು, ಚೆಂಬನ್ನು ಒದ್ದು ಉರುಳಿಸುತ್ತಿತ್ತು. ಅದಕ್ಕಾಗಿ, ತಿಂಗಳಿಗೊಮ್ಮೆ ವರದಮ್ಮ ಹೊರಗೆ ಕೂತ ದಿನಗಳಲ್ಲಿ ಜಟ್ಟಪ್ಪ ಆ ಸೀರೆಯನ್ನು ಪಂಚೆಯ ಮೇಲೆ ಸುತ್ತಿ, ಸೆರಗನ್ನು ಮೂಗಿನವರೆಗೂ ಎಳೆದು, ಮೀಸೆ ಮುಚ್ಚಿಕೊಂಡು ಕೂರುತ್ತಿದ್ದ. ಡೊಂಕಿ ಸೀರೆಯ ಅಂಚನ್ನು ಮೂಸುತ್ತಿತ್ತು. ಸ್ವಲ್ಪ ಹೊತ್ತು ಯೋಚಿಸಿದ ಹಾಗೆ ನಿಲ್ಲುತ್ತಿತ್ತು. ಆಮೇಲೆ ಬಿಡುತ್ತಿತ್ತು, ಅರ್ಧವನ್ನಾದರೂ.

ಪಕ್ಕದ ಮನೆಯ ಸುಬ್ಬಪ್ಪ ಆ ದಿನಗಳಿಗೆ ಕಾದಿರುತ್ತಿದ್ದ.

“ಏನೇ ಜಟ್ಟಮ್ಮಾ, ಕರೆಯೋದು ಆಯ್ತೇನೇ? ಗಂಡ ಎಲ್ಲಿ ಹೋದ್ನೇ?”

“ಒಳಗೆ ಬ್ಯಾನೆ ತಿಂತಾ ಅವ್ನೆ. ಬಂದು ಸೂಲಗಿತ್ತಿ ಆಗು ಬಾ!” ಎಂದು ಜಟ್ಟಪ್ಪ ಸೆರಗಿನೊಳಗಿಂದಲೇ ಕೂಗುತ್ತಿದ್ದ. ಬೇಲಿಯಾಚೆ ನಾಲ್ಕಾರು ಜನ ನಗುತ್ತಿದ್ದರು. ಗಂಡಸು ಮೂರು ದಿನ ಹಾಲು ಕರೆದದ್ದು ಕುಬಟೂರಿನ ಆಚೆಯ ಆ ಪುಟ್ಟ ಊರಿಗೆ ಒಂದು ತಮಾಷೆ. ಉಳಿದ ದಿನ ಹೆಂಗಸು ಕರೆದದ್ದರಲ್ಲಿ ನಗುವುದಕ್ಕಾಗಲಿ ನೋಡುವುದಕ್ಕಾಗಲಿ ಏನೂ ಇರಲಿಲ್ಲ.

ವರದಮ್ಮನ ತವರು ತೊಗರ್ಸಿಯ ಕಡೆ. ಮೈನೆರೆದ ವರ್ಷವೇ ಮದುವೆಯಾಗಿ ಬಂದವಳು. ಎರಡು ಹೆರಿಗೆಯಾಗಿ ಎರಡೂ ಉಳಿಯಲಿಲ್ಲ. ಮೂರನೆಯದು ನಿಲ್ಲಲಿಲ್ಲ. ಜಟ್ಟಪ್ಪನಿಗೆ ಇನ್ನೊಂದು ಹೆಣ್ಣು ನೋಡಬಾರದೇ ಎಂದು ನೆಂಟರು ಅವಳೆದುರೇ ಕೇಳುತ್ತಿದ್ದರು. ಅವರಿಗೆ ಎಲೆ ಹಾಕಿ ಅನ್ನ ಬಡಿಸುತ್ತಿದ್ದವಳೂ ಅವಳೇ. ಜಟ್ಟಪ್ಪ ಇನ್ನೂ ಹೂಂ ಅಂದಿರಲಿಲ್ಲ, ಊಹೂಂ ಅಂತಲೂ ಅಂದಿರಲಿಲ್ಲ. ನಸುಕಿನಲ್ಲಿ ಸಗಣಿ ಬಾಚುವುದರಿಂದ ಹಿಡಿದು, ದನಗಳಿಗೆ ಅಕ್ಕಚ್ಚು, ಹುಲ್ಲು, ಆಮೇಲೆ ಮಜ್ಜಿಗೆ ಕಡೆಯುವುದು, ಭತ್ತ ಕುಟ್ಟುವುದು, ಕೆರೆಯಿಂದ ನೀರು, ಗದ್ದೆಗೆ ಬುತ್ತಿ, ಗದ್ದೆಯಲ್ಲಿ ಕಳೆ, ಮತ್ತೆ ಕೊಟ್ಟಿಗೆ. ಈ ಸುತ್ತಿನಲ್ಲಿ ಅವಳ ದನಿ ಏರಿ ಕೇಳುತ್ತಿದ್ದದ್ದು ಎಮ್ಮೆಯ ಹತ್ತಿರ ಮಾತ್ರ. ಹಾಲಿಗೆ ಕೂರುವಾಗ ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ಒಂದು ಸದ್ದು ಮಾಡುತ್ತಿದ್ದಳು. ಡೊಂಕಿಯ ಎಡಗಿವಿ ಆ ಸದ್ದಿಗೆ ತಿರುಗುತ್ತಿತ್ತು. ಕಿವಿ ತಿರುಗಿದ ಮೇಲೆಯೇ ಅವಳು ಕೆಚ್ಚಲಿಗೆ ಕೈ ಹಾಕುತ್ತಿದ್ದಳು.

ಹೊರಗೆ ಕೂರುವುದು ಎಂಬ ಮಾತಿನಲ್ಲಿ ‘ಕೂರುವುದು’ ಎಂಬುದು ಸುಳ್ಳು. ಒಲೆ, ಬಾವಿ, ದೇವರು, ಕೊಟ್ಟಿಗೆ, ಇಷ್ಟನ್ನು ಮುಟ್ಟುವಂತಿಲ್ಲ. ಸೌದೆ ಒಡೆಯಬಹುದು. ಗದ್ದೆಯ ಬದುವಿನ ಹುಲ್ಲು ಕೊಯ್ಯಬಹುದು. ಕೊಯ್ದ ಹುಲ್ಲನ್ನು ಕೊಟ್ಟಿಗೆಯ ಬಾಗಿಲ ಹೊರಗೆ ಹಾಕಿದರೆ ಅದಕ್ಕೆ ಮೈಲಿಗೆ ಇಲ್ಲ. ಮಲಗುವುದು ಕೊಟ್ಟಿಗೆಗೆ ಒತ್ತಿಕೊಂಡ ಒಂದು ಮಾಡಿನಲ್ಲಿ. ನಡುವೆ ಇದ್ದದ್ದು ಬಿದಿರಿನ ತಟ್ಟಿ, ಅದಕ್ಕೆ ಮೆತ್ತಿದ್ದ ಸಗಣಿ ಅಲ್ಲಲ್ಲಿ ಉದುರಿತ್ತು. ಕೂತವಳ ಕಣ್ಣಿನ ಎತ್ತರಕ್ಕೆ ಒಂದು ಬಿರುಕಿತ್ತು.

ಐವತ್ತೆಂಟನೆಯ ಇಸವಿಯ ಮುಂಗಾರು ಹಿಡಿಯುವ ಹೊತ್ತಿಗೆ, ಅವಳು ಹೊರಗಾದ ಮಾರನೆಯ ಬೆಳಿಗ್ಗೆ, ಡೊಂಕಿ ಸೀರೆಯ ಗುರುತು ಹಿಡಿಯಲಿಲ್ಲ.

ಜಟ್ಟಪ್ಪ ಸೆರಗೆಳೆದುಕೊಂಡು ಕೂತ. ಡೊಂಕಿ ಅಂಚನ್ನು ಮೂಸಲೂ ಇಲ್ಲ. ದಿಟ್ಟಿಸಿ ನೋಡಿತು, ಹಾಯ್ದು ಬಂತು. ಅವನು ಸೀರೆ ಕಾಲಿಗೆ ತೊಡರಿ ಬಿದ್ದ. ಸುಬ್ಬಪ್ಪ ಆವತ್ತೂ ನಕ್ಕ. ಎಮ್ಮೆ ಕೂಗತೊಡಗಿತು. ಒಡೆದ ಕಹಳೆಯಂಥ ದನಿ, ನಿಲ್ಲಿಸದೆ.

“ಬೆದೆಗೆ ಬಂದೈತೆ ಕಣೋ,” ಎಂದಳು ಜಟ್ಟಪ್ಪನ ತಾಯಿ ಹುಚ್ಚಮ್ಮ. “ನಾಳೆ ಕೋಣದ ಹತ್ರ ಹೊಡ್ಕೊಂಡು ಹೋಗು.”

ಬಿರುಕಿನಿಂದ ನೋಡುತ್ತಿದ್ದ ವರದಮ್ಮನಿಗೂ ಹಾಗೇ ಇರಬಹುದೆನಿಸಿತು. ಆದರೆ ಮಧ್ಯಾಹ್ನ ಎಲ್ಲರೂ ಗದ್ದೆಗೆ ಹೋಗಿದ್ದಾಗ ಕೂಗು ಗಂಟಲಲ್ಲೇ ಕಟ್ಟಿತು. ಡೊಂಕಿ ಕುತ್ತಿಗೆ ಚಾಚಿ, ಬಾಯಿ ತೆರೆದು ನಿಂತಿತ್ತು. ಜೊಲ್ಲು ನೂಲುನೂಲಾಗಿ ನೆಲ ಮುಟ್ಟುತ್ತಿತ್ತು. ಇದನ್ನು ಅವಳು ಹಿಂದೆ ಕಂಡಿದ್ದಳು. ಹಿಂದಿನ ವರ್ಷ ಮಾವಿನ ವಾಟೆ ಗಂಟಲಿಗೆ ಸಿಕ್ಕಿಕೊಂಡಾಗ ಡೊಂಕಿ ಹೀಗೇ ನಿಂತಿತ್ತು. ಅವಳೇ ಮೊಣಕೈವರೆಗೆ ಕೈ ಹಾಕಿ ವಾಟೆ ಎಳೆದಿದ್ದಳು. ಆಗ ಊರೇ ಭೇಷ್ ಅಂದಿತ್ತು.

ನಾಲಿಗೆಯ ಸದ್ದು ಮಾಡಿದಳು. ಕಿವಿ ತಿರುಗಲಿಲ್ಲ. ನೋವಿಗೆ ಕೇಳಿಸುತ್ತಿಲ್ಲ ಅಂದುಕೊಂಡಳು.

ಅಂಗಳದಲ್ಲಿ ಯಾರೂ ಇರಲಿಲ್ಲ. ಹೊರಗಿದ್ದ ಹೆಂಗಸು ಕೊಟ್ಟಿಗೆಯ ಹೊಸಿಲು ದಾಟಿದರೆ ಹಾಲು ಬತ್ತುತ್ತದೆ, ದನ ಉಳಿಯುವುದಿಲ್ಲ ಎಂದು ಅವಳಿಗೆ ತಾಯಿ ಹೇಳಿದ್ದಳು, ಅತ್ತೆ ಹೇಳಿದ್ದಳು. ದಾಟಿದಳು. ಎಡಗೈಯಲ್ಲಿ ಕೋಡು ಹಿಡಿದು, ಬಲಗೈಯನ್ನು ದವಡೆಯ ಪಕ್ಕದಿಂದ ಒಳಗೆ ತೂರಿದಳು. ಗಂಟಲು ಕಾದ ಬಾಣಲೆಯಂತಿತ್ತು. ಒಳಗೆ ಏನೂ ಸಿಗಲಿಲ್ಲ. ಇನ್ನೂ ಆಳಕ್ಕೆ ಹುಡುಕಿದಳು. ಡೊಂಕಿ ದವಡೆ ಮುಚ್ಚಿತು. ಗಾಜಿನ ಬಳೆಗಳು ಪಟಪಟನೆ ಒಡೆದು ಮಣಿಕಟ್ಟಿಗೆ ಚುಚ್ಚಿಕೊಂಡವು.

ಕೈ ಎಳೆದುಕೊಂಡು, ಕಂಡಷ್ಟು ಬಳೆಚೂರು ಆರಿಸಿ, ಕಾಲುವೆಯ ನೀರಿನಲ್ಲಿ ತೋಳು ತೊಳೆದು, ಹಳೆಯ ಬಟ್ಟೆ ಸುತ್ತಿದಳು. ಮತ್ತೆ ಹೋಗಿ ಸೌದೆ ಒಡೆಯಲು ಕೂತಳು. ಒಡೆದದ್ದು ಸಾಲದಿದ್ದರೆ ಅತ್ತೆ ಕೇಳುತ್ತಿದ್ದಳು.

ಸಂಜೆ ಜಟ್ಟಪ್ಪನೂ ಅವನ ತಮ್ಮ ಗುತ್ಯಪ್ಪನೂ ಶುಂಠಿ ಮೆಣಸಿನ ಕಷಾಯವನ್ನು ಬಿದಿರಿನ ಗೊಟ್ಟದಲ್ಲಿ ಎಮ್ಮೆಯ ಗಂಟಲಿಗೆ ಹೊಯ್ದರು. ಅರ್ಧಕ್ಕರ್ಧ ಅವರ ಕೈಮೇಲೆಯೇ ಹರಿಯಿತು. ಮಾರನೆಯ ದಿನ ಆನವಟ್ಟಿಗೆ ಬಂದಿದ್ದ ದನದ ಡಾಕ್ಟರನ್ನು ಜಟ್ಟಪ್ಪ ಗಾಡಿಯಲ್ಲಿ ಕರೆತಂದ.

ಡಾಕ್ಟರು ಮಹೇಶ್ವರಪ್ಪ ದಾವಣಗೆರೆ ಕಡೆಯವರು, ಸೊರಬಕ್ಕೆ ಬಂದು ಇನ್ನೂ ಒಂದು ಮಳೆಗಾಲ ಕಂಡಿರಲಿಲ್ಲ. ಲಿಂಗವಂತರ ಮನೆಯವರು. ಅವರ ಮನೆಯಲ್ಲಿ ಹೆಂಗಸರು ತಿಂಗಳ ದಿನಗಳಲ್ಲೂ ಒಲೆಯ ಮುಂದೆಯೇ ಇರುತ್ತಿದ್ದರು. ಒಳ್ಳೆಯ ಮನುಷ್ಯ. ಕೊಟ್ಟಿಗೆಗೆ ಬಂದವರೇ ಎಮ್ಮೆಯನ್ನು ಮುಟ್ಟಲಿಲ್ಲ. ದೂರ ನಿಂತು ಬಹಳ ಹೊತ್ತು ನೋಡಿದರು.

“ಯಾರೂ ಹತ್ರ ಹೋಗಬ್ಯಾಡ್ರಿ. ಇದು ದಿನಾ ಹೆಂಗಿತ್ತು, ಈಗ ಹೆಂಗೈತಿ, ಅಷ್ಟು ಹೇಳ್ರಿ ನನಗೆ. ಈ ರೋಗದಾಗ ದನದ ನಡತಿ ಬಿಟ್ರೆ ಬ್ಯಾರೆ ಗುರುತಿಲ್ಲ.”

“ಕೂಗ್ತೈತ್ರಿ. ಬೆದೆ ಅಂದ್ಕೊಂಡ್ವಿ,” ಎಂದ ಜಟ್ಟಪ್ಪ.

“ದನಿ ಮೊದಲಿನಂಗೇ ಐತೇನು?”

“ಇಲ್ರಿ. ಒಡ್ದು ಹೋಗೈತೆ.”

“ಮನಿಯವರ ಗುರುತು ಹಿಡೀತೈತಾ?”

“ಸೀರೆ ಉಟ್ಕೊಂಡು ಹೋದ್ರೂ ಹಿಡೀಲಿಲ್ರಿ.”

ಗುತ್ಯಪ್ಪ ಕಿಸಕ್ಕೆಂದ. ಹಾಲು ಕರೆಯುವವಳು ಹೊರಗಿದ್ದಾಗ ಅವಳ ಸೀರೆ ಉಟ್ಟು ಕರೆಯುವ ಕತೆಯನ್ನು ಡಾಕ್ಟರಿಗೆ ಹೇಳಬೇಕಾಯಿತು. ಅವರು ನಗಲಿಲ್ಲ. ಗುರುತು ತಪ್ಪಿದೆ ಎಂಬ ಒಂದು ಮಾತನ್ನು ಹಿಡಿದುಕೊಂಡರು. ಎರಡು ತಿಂಗಳ ಕೆಳಗೆ ಊರಿಗೆ ಯಾವುದಾದರೂ ನಾಯಿ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ಕೆರೆ ಏರಿಯ ಮೇಲೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತಿದ್ದ ಅದನ್ನು ದನ ಕಾಯುವವರು ಬಡಿದು ಕೊಂದಿದ್ದರು.

“ಹುಚ್ಚುನಾಯಿ ರೋಗ,” ಎಂದರು ಡಾಕ್ಟರು. “ಎಮ್ಮಿ ಉಳಿಯಂಗಿಲ್ಲ. ಈಗ ಮನುಷ್ಯರ ಮಾತಾಡೋಣ. ಇದರ ಬಾಯಿಗೆ ಕೈ ಹಾಕಿದೋರು, ಜೊಲ್ಲು ಮುಟ್ಟಿದೋರು ಯಾರ್ರೀ? ಒಬ್ಬರನ್ನೂ ಬಿಡಬ್ಯಾಡ್ರಿ.”

ಅಣ್ಣತಮ್ಮಂದಿರು ಕೈ ಮುಂದೆ ಚಾಚಿದರು. ಹುಚ್ಚಮ್ಮ ತಾನು ಹತ್ತಿರ ಹೋಗಿಲ್ಲ ಎಂದಳು.

“ದಿನಾ ಹಾಲು ಕರಿಯೋರು ಯಾರು?”

“ನನ್ ಹೆಂಡ್ತಿರಿ.”

“ಕರೀರಿ ಅವರನ್ನ. ಎಮ್ಮಿ ವಿಷಯ ಅವರಿಗೇ ಗೊತ್ತಿರ್ತೈತಿ.”

ಜಟ್ಟಪ್ಪ ತಾಯಿಯ ಮುಖ ನೋಡಿದ. “ಅವಳು ಹೊರಗಿದಾಳ್ರಿ.”

“ಯಾವತ್ತಿನಿಂದ?”

“ಸೋಮವಾರದಿಂದ.”

“ಎಮ್ಮಿ ಹಿಂಗಾಗಿದ್ದು?”

“ಮಂಗಳವಾರ ಬೆಳಿಗ್ಗೆರಿ.”

“ಹಂಗಾರೆ ಅವರಿಗೇನೂ ಭಯ ಇಲ್ಲ ಬಿಡ್ರಿ,” ಎಂದರು ಡಾಕ್ಟರು. “ಊರಾಗೆ ಇರ್ಲಿಲ್ಲ, ಪುಣ್ಯ.”

ಅವರು ಯಾಕೆ ಹಾಗೆಂದರೆಂದು ಜಟ್ಟಪ್ಪನಿಗೆ ಹೊಳೆಯಲಿಲ್ಲ. ದೊಡ್ಡವರ ಮಾತು ತಿದ್ದಲು ಹೋಗಲಿಲ್ಲ. ತಟ್ಟಿಯ ಈಚೆ ಕೂತ ವರದಮ್ಮನಿಗೆ ಮಾತ್ರ ಪೂರ್ತಿ ತಿಳಿಯಿತು. ಡಾಕ್ಟರ ಚಪ್ಪಲಿ ಅವಳಿಗೆ ಬಿರುಕಿನಲ್ಲಿ ಕಾಣುತ್ತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಬಾಯಿ ತೆರೆದಳು. ಆಗಲೇ ಅತ್ತೆ ಯಾರಿಗೋ ಹೇಳಿದ್ದು ಕೇಳಿಸಿತು: “ಯಾವ ಮೈಲಿಗೆ ಕೊಟ್ಟಿಗೆಗೆ ತಾಗಿತೋ ಏನೋ. ಸುಮ್ನೆ ಹಿಂಗಾಗ್ತೈತಾ?”

ವರದಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು. ಚಪ್ಪಲಿಗಳು ತಿರುಗಿ ಹೋದವು.

ಶಿಕಾರಿಪುರದ ಆಸ್ಪತ್ರೆಯಲ್ಲಿ ಹೊಟ್ಟೆಯ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ. ಗಂಡಸರಿಬ್ಬರೂ ಅವತ್ತೇ ಹೊರಟರು. ಅಲ್ಲಿ ನೆಂಟರ ಮನೆಯಲ್ಲಿ ಉಳಿಯುವುದೆಂದಾಯಿತು. ಡೊಂಕಿ ಮರುದಿನ ಸತ್ತಿತು. ಊರವರು ಹೂಳಿದರು. ಜೊಲ್ಲು ಬಿದ್ದ ಅಕ್ಕಚ್ಚಿನ ಬಾನಿ ತೊಳೆಯಬೇಕು, ಹುಲ್ಲು ಸುಡಬೇಕು, ನೆಲ ಕೆತ್ತಿ ಸುಣ್ಣ ಹಾಕಬೇಕು ಎಂದು ಡಾಕ್ಟರು ಹೇಳಿ ಹೋಗಿದ್ದರು. ಯಾರು ಮಾಡಬೇಕೆಂದು ಅವರು ಹೇಳಿರಲಿಲ್ಲ, ಯಾರೂ ಕೇಳಲೂ ಇಲ್ಲ. ವರದಮ್ಮ ಮಿಂದು ಒಳಗೆ ಬಂದವಳು ಮೊದಲು ಮಾಡಿದ್ದು ಅದನ್ನೇ. ಬಾನಿಯ ಸಂದಿಯಲ್ಲಿ ಎರಡು ಹಸಿರು ಬಳೆಚೂರು ಉಳಿದಿದ್ದವು. ಅವನ್ನು ಕಂಡದ್ದು ಹುಚ್ಚಮ್ಮ.

“ನಿನ್ ಬಲಗೈ ಬಳೆ ಎಲ್ಲಿ?”

“ಸೌದೆ ಒಡೀವಾಗ...”

“ತೋರ್ಸು ಕೈಯ.”

ಬಟ್ಟೆ ಬಿಚ್ಚಿದಳು. ಬಳೆ ಚುಚ್ಚಿದ ಗಾಯ ಇನ್ನೂ ಹಸಿಯಾಗಿತ್ತು. ಹುಚ್ಚಮ್ಮ ಗೋಡೆಗೊರಗಿ ಕೂತಳು. ಬೈಯುತ್ತಾಳೆ ಎಂದು ಸೊಸೆ ಕಾದಳು.

“ನಾನೂ ಹೋಗ್ತಿದ್ದೆ ಕಣೇ,” ಎಂದಳು ಅತ್ತೆ. “ಕರು ಹಗ್ಗಕ್ಕೆ ಸಿಕ್ಕಿ ಒದ್ದಾಡ್ತಿದ್ರೆ ಮೂರು ದಿನ ಕಳೀಲಿ ಅಂತ ನೋಡ್ತಾ ಕೂರಕಾಗ್ತೈತಾ? ಎಲ್ಲಾ ಹೋಗಿರೋರೇ. ಯಾರ್ದೂ ಕಾಣ್ಲಿಲ್ಲ, ನಿಂದು ಕಂಡ್ತು.”

“ಅತ್ತೆ, ಆ ಸೂಜಿ ನನಗೂ...”

“ಬಾಯಿ ಬಿಟ್ಯೋ, ಎಮ್ಮೆ ಕೊಂದೋಳು ನೀನೇ ಅಂತಾರೆ. ಮಕ್ಳಿಲ್ಲ ಅಂತ ಆಗ್ಲೇ ಹೆಣ್ಣು ಹುಡುಕ್ತಾ ಅವ್ರೆ. ಇದೂ ಸೇರ್ಲಿ ಅಂತೀಯಾ?” ದನಿ ಇಳಿಸಿದಳು. “ಗಂಡಸ್ರಿಬ್ರೂ ಅಲ್ಲಿ. ನೀನೂ ಹೋದ್ರೆ ದನ, ಗದ್ದೆ, ಸಸಿ ಮಡಿ ಎಲ್ಲಾ ಯಾರು ನೋಡ್ತಾರೆ ಮಾರಾಯ್ತಿ? ನನ್ನ ಸೊಂಟ ನಿನಗೆ ಗೊತ್ತಿಲ್ವಾ? ಅವ್ರು ಬರ್ಲಿ. ತವರಿಗೆ ಅಂತ ಹೇಳಿ ಕಳಿಸ್ತೀನಿ. ತೊಗರ್ಸಿಯಿಂದ ಶಿಕಾರಿಪುರ ಏನು ದೂರ? ಯಾರಿಗೂ ಗೊತ್ತಾಗಲ್ಲ.”

ಅದು ಮೋಸದ ಮಾತಲ್ಲ. ಹುಚ್ಚಮ್ಮ ನಿಜವಾಗಿಯೂ ಕಳಿಸಬೇಕೆಂದೇ ಇದ್ದಳು. ಚಂದ್ರಗುತ್ತಿಯಿಂದ ದೇವಿಯ ಭಂಡಾರ ತರಿಸಿ ಸೊಸೆಯ ಗಾಯಕ್ಕೆ ತಾನೇ ಹಚ್ಚಿದಳು.

ಗಂಡಸರು ಬಂದರು. ಹೊಟ್ಟೆ ಗಂಟುಗಂಟಾಗಿ ಊದಿತ್ತು, ಬಗ್ಗಲಾರರು. ಗುತ್ಯಪ್ಪ ಬಂದವರಿಗೆಲ್ಲ ಅಂಗಿ ಎತ್ತಿ ತೋರಿಸುತ್ತಿದ್ದ. “ಬಸುರಿ ಕಣ್ರೋ ನಾನು, ಹುಣಸೆಕಾಯಿ ತನ್ನಿ,” ಎನ್ನುತ್ತಿದ್ದ. ಬಿಸಿನೀರು, ಗಂಜಿ, ಎಣ್ಣೆ ಎಲ್ಲ ಅವರ ಚಾಪೆಯ ಹತ್ತಿರಕ್ಕೇ ಹೋಗಬೇಕಿತ್ತು. ಅವರು ಏಳುವ ಹೊತ್ತಿಗೆ ಸಸಿ ಬಲಿತಿತ್ತು.

“ನಾಟಿ ಒಂದು ಮುಗೀಲಿ,” ಎಂದಳು ಹುಚ್ಚಮ್ಮ.

ನಾಟಿ ಮುಗಿಯಿತು. ವರದಮ್ಮ ಒಂದು ಸೀರೆ, ಒಂದು ಕುಪ್ಪಸ ಗಂಟು ಕಟ್ಟಿದಳು. ತವರಿಗೆ ಎಂದಾಗ ಜಟ್ಟಪ್ಪ, “ಈಗ್ಯಾಕೆ? ಚಂದ್ರಿ ಈಯೋ ಹೊತ್ತು,” ಎಂದ. ಚಂದ್ರಿ ಮನೆಯ ಇನ್ನೊಂದು ಎಮ್ಮೆ, ಚೊಚ್ಚಲು. ವರದಮ್ಮನ ಕೈಯಲ್ಲೇ ಬೆಳೆದದ್ದು. ಅವಳು ಇಲ್ಲದೆ ಅದು ಕರುವಿಗೂ ಮೊಲೆ ಕೊಡಲಾರದೆಂಬುದು ಅವಳಿಗೇ ಗೊತ್ತಿತ್ತು. ಗಂಟು ಬಿಚ್ಚಿದಳು. ಚಂದ್ರಿ ಈಯಿತು. ಕಳೆ ಬಂತು. ಗುತ್ಯಪ್ಪನಿಗೆ ಜ್ವರ ಬಂತು. ಮಣಿಕಟ್ಟಿನ ಗಾಯ ಒಣಗಿ, ಹೊಸ ಬಳೆಯ ಅಡಿಯಲ್ಲಿ ಬಿಳಿಯ ಗೆರೆಯಾಯಿತು. ನೋವಿಲ್ಲದ ಕೈಯನ್ನು ಯಾರಿಗೆ ತೋರಿಸುವುದು ಎಂದು ಅವಳಿಗೇ ಅನ್ನಿಸತೊಡಗಿತು. ಹುಚ್ಚಮ್ಮ “ಇದೊಂದು ಮುಗೀಲಿ” ಎನ್ನುವುದನ್ನೂ ನಿಲ್ಲಿಸಿದಳು.

ಗಣಪತಿ ಹಬ್ಬ ಕಳೆದ ಮೇಲೆ ಬಿಳಿಯ ಗೆರೆ ತುರಿಸತೊಡಗಿತು. ಇರುವೆ ಹರಿದಂತೆ ತೋಳಿನುದ್ದಕ್ಕೂ ಜೋಮು ಏರಿತು. ಒಂದು ಬೆಳಿಗ್ಗೆ ಚಂದ್ರಿಯ ಹಾಲು ಕರೆದು ಬಂದವಳು ನೀರಿನ ಚೆಂಬು ಎತ್ತಿದಳು. ನೀರು ತುಟಿಗೆ ತಾಗುವ ಮೊದಲೇ ಕುತ್ತಿಗೆಯ ನರಗಳೆಲ್ಲ ಸೆಟೆದು ತಲೆ ಹಿಂದಕ್ಕೆ ಹೋಯಿತು. ಚೆಂಬು ಬಿತ್ತು. ಇನ್ನೊಮ್ಮೆ ಎತ್ತಿದಳು. ಇನ್ನೊಮ್ಮೆ ಬಿತ್ತು.

“ಅತ್ತೆ,” ಎಂದಳು. “ಗಂಟಲಲ್ಲಿ ಏನೋ ಸಿಕ್ಕಿದಂಗೆ ಆಗ್ತೈತೆ.”

ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು. ಕುತ್ತಿಗೆ ಚಾಚಿ, ಬಾಯಿ ತೆರೆದು ನಿಂತಿದ್ದ ಡೊಂಕಿ ಕಣ್ಣಮುಂದೆ ಬಂತು. ಹುಚ್ಚಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಡಲೂ ಮರೆತು ನಿಂತಳು.

ಜಟ್ಟಪ್ಪನಿಗೆ ವರದಮ್ಮನೇ ಎಲ್ಲವನ್ನೂ ಹೇಳಿದಳು, ಒಂದೊಂದು ಮಾತಿಗೂ ಉಸಿರು ಹಿಡಿಯುತ್ತ. ಅವನು ಕೇಳಿ ಮುಗಿಸಿದ. ಮೊದಲು ಬಂದದ್ದು, “ಹೊರಗಿದ್ದೋಳು ಒಳಗೆ ಯಾಕೆ ಹೋದೆ?” ಎಂಬ ಮಾತು. ಆಮೇಲೆ ಓಡಿಹೋಗಿ ಗಾಡಿ ಕಟ್ಟಿದ. ದಾರಿಯಲ್ಲಿ ಹಳ್ಳದ ನೀರಿನ ಸದ್ದಿಗೇ ಅವಳು ಸೆಟೆದುಕೊಂಡಳು. ಆಸ್ಪತ್ರೆಯಲ್ಲಿ, ಈಗ ಯಾವ ಸೂಜಿಯೂ ನಾಟುವುದಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದರು.

ಮನೆಯೆಂದರೆ ಕೊಟ್ಟಿಗೆಯ ಪಕ್ಕದ ಆ ಮಾಡು. ಯಾರನ್ನಾದರೂ ಕಚ್ಚಿಯಾಳು ಎಂಬ ಹೆದರಿಕೆಗೆ ಅವಳನ್ನು ಹೊರಗೆ ಕೂರುವ ಜಾಗದಲ್ಲೇ ಇಟ್ಟು, ಬಾಗಿಲಿಗೆ ಹೊರಗಿನಿಂದ ಅಡ್ಡಪಟ್ಟಿ ಹಾಕಿದರು. ಅವಳು ಯಾರನ್ನೂ ಕಚ್ಚಲಿಲ್ಲ. ನಡುನಡುವೆ ಬುದ್ಧಿ ತಿಳಿಯಾಗಿರುತ್ತಿತ್ತು. ಆಗ ಚಂದ್ರಿಗೆ ಅಕ್ಕಚ್ಚು ಇಟ್ಟಿರಾ ಎಂದು ಕೇಳುತ್ತಿದ್ದಳು. ಹುಚ್ಚಮ್ಮ ತಟ್ಟಿಯ ಆಚೆ ಕೊಟ್ಟಿಗೆಯಲ್ಲಿ ಬೆನ್ನು ಕೊಟ್ಟು ಕೂತಿದ್ದಳು, ಊಟಕ್ಕೂ ಏಳಲಿಲ್ಲ. ಇಟ್ಟೀನಿ, ಇಟ್ಟೀನಿ ಎನ್ನುತ್ತಿದ್ದಳು. ಕೊನೆಗೆ ಮಾತು ನಿಂತು, ಅಂಗುಳಕ್ಕೆ ನಾಲಿಗೆ ತಾಗಿಸುವ ಆ ಸದ್ದು ಮಾತ್ರ ಒಂದೆರಡು ಸಲ ಬಂತು. ಚಂದ್ರಿಯ ಕಿವಿ ತಿರುಗಿತು. ಆಮೇಲೆ ಸದ್ದೂ ಇಲ್ಲ.

ಅವಳು ಉಟ್ಟದ್ದು, ಹಾಸಿದ್ದು ಎಲ್ಲವನ್ನೂ ಸುಟ್ಟರು. ಕೊಟ್ಟಿಗೆಯ ಗೂಟದ ಮೇಲಿದ್ದದ್ದು ಮಾತ್ರ ಯಾರ ಕಣ್ಣಿಗೂ ಬಟ್ಟೆಯಾಗಿ ಕಾಣಲಿಲ್ಲವೋ ಏನೋ, ಉಳಿಯಿತು.

ದೀಪಾವಳಿ ಕಳೆದ ಮೇಲೆ ಊರ ದನಗಳಿಗೆಲ್ಲ ದೊಡ್ಡರೋಗದ ಚುಚ್ಚುಮದ್ದು ಹಾಕಲು ಡಾಕ್ಟರು ಮಹೇಶ್ವರಪ್ಪ ಮತ್ತೆ ಬಂದರು. ಬೆಳಗಿನ ಹೊತ್ತು. ಕೊಟ್ಟಿಗೆಗೆ ಇಣುಕಿದರೆ, ಹಸಿರು ಚೌಕುಳಿ ಸೀರೆಯ ಸೆರಗೆಳೆದುಕೊಂಡು ಯಾರೋ ಎಮ್ಮೆ ಕರೆಯುತ್ತಿದ್ದರು. ಬೇಲಿಯಾಚೆ ಸುಬ್ಬಪ್ಪ ನಿಂತಿದ್ದ, ನಗುತ್ತಿರಲಿಲ್ಲ. ಡಾಕ್ಟರಿಗೆ ಸೀರೆಯ ಕತೆ ನೆನಪಾಯಿತು.

“ಏನ್ರೀ ಜಟ್ಟಪ್ಪ,” ಎಂದು ನಕ್ಕರು, “ಹೊರಗೆ ಹೋದೋರು ಇನ್ನೂ ಬಂದಿಲ್ಲೇನ್ರೀ?”

ಹಾಲಿನ ಸದ್ದು ನಿಂತಿತು. ಜಟ್ಟಪ್ಪ ಸೆರಗು ತೆಗೆದ.

“ಅವಳು ಎಲ್ಲಿಗೂ ಹೋಗಿರ್ಲಿಲ್ರಿ,” ಎಂದ. “ಹೊರಗೆ ಕೂತಿದ್ಲು. ಇಲ್ಲೇ.”

ತಟ್ಟಿಯತ್ತ ಕೈ ತೋರಿಸಿದ. ಡಾಕ್ಟರು ತಟ್ಟಿ ನೋಡಿದರು, ಅವನ ಮುಖ ನೋಡಿದರು. ಅವನು ಉಳಿದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿದ. ವಾಟೆ ಅಂತ ತಿಳ್ಕೊಂಡಿದ್ಲು, ಕೈ ಹಾಕಿದ್ಲು, ಹೇಳ್ಲಿಲ್ಲ, ಹೋದ್ಲು. ಡಾಕ್ಟರು ಸುತ್ತಿ ಬಂದು ಮಾಡಿನೊಳಗೆ ಬಗ್ಗಿ ನೋಡಿದರು. ಬಿರುಕಿನಲ್ಲಿ ಚಂದ್ರಿಯ ಕಾಲುಗಳೂ, ತಾವು ಅವತ್ತು ನಿಂತಿದ್ದ ನೆಲವೂ ಕಾಣುತ್ತಿದ್ದವು.

“ನಾನು ಊರಾಗಿಲ್ಲ ಅಂದ್ಕೊಂಡೆ,” ಎಂದರು. ಯಾರಿಗೆ ಹೇಳಿದರೋ.

ಒಳಗಿನಿಂದ ಹುಚ್ಚಮ್ಮನ ಕೂಗು ಬಂತು. ಸೊಂಟ ಹಿಡಿದುಕೊಂಡೇ ಒಲೆ ಊದುತ್ತಿದ್ದವಳ ದನಿ.

“ಜಟ್ಟಪ್ಪಾ, ಹಾಲು ತಾರೋ. ಬಂದೋರಿಗೆ ಒಂದು ಲೋಟ ಕೊಡಬೇಕು.”

ಜಟ್ಟಪ್ಪ ಸೆರಗನ್ನು ಮತ್ತೆ ತಲೆಯ ಮೇಲೆ ಎಳೆದುಕೊಂಡ. ಚಂದ್ರಿ ಸೀರೆಯ ಅಂಚನ್ನು ಮೂಸಿ, ಸ್ವಲ್ಪ ಹೊತ್ತು ನಿಂತು, ಸೊರೆ ಬಿಟ್ಟಿತು.